ಹಾಡು ಊರಿನದು, ದನಿ ನಮ್ಮದು



ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಹೋಬಳಿಯಲ್ಲಿ ನಮ್ಮದೊಂದು ಕಲಿಕಾ ಕೇಂದ್ರ ಇದೆ. ಸಂಜೆ ಆದ ಮೇಲೆ ಹೆಣ್ಣುಮಕ್ಕಳು ಬರುತ್ತಾರೆ. ಹಾಲು ಕರೆದು ಡೈರಿಗೆ ಹಾಕಿ, ಒಲೆ ಮೇಲೆ ಸಾರಿಟ್ಟು, ಸ್ಲೇಟು ಹಿಡಿದು ಕೂರುತ್ತಾರೆ. ಅವರಲ್ಲಿ ಒಬ್ಬ ಅಜ್ಜಿ ಇದ್ದಾರೆ. ಸುತ್ತಲಿನ ಹಳ್ಳಿಗಳ ಮದುವೆಗೆ ಸೋಬಾನೆ ಹಾಡುವವರು ಅವರೇ. ಮೊದಲು ಎಲ್ಲಾದಕ್ಕೂ ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಸಹಿ ಹಾಕುತ್ತಾರೆ. ಅಕ್ಷರ ಕೂಡಿಸಿ ಓದುತ್ತಾರೆ.

ಒಂದು ಸಂಜೆ ಅಜ್ಜಿ ಮೊಮ್ಮಗಳ ಫೋನು ಹಿಡಿದುಕೊಂಡು ಬಂದರು. ಮುಖ ಸಪ್ಪಗಿತ್ತು.

“ಕೇಳಿ ಟೀಚರೇ ಇದ. ದನಿ ನಂದು. ಹೋದ ತಿಂಗಳು ಮದ್ವೇಲಿ ಹಾಡಿದ್ದು. ಯಾವನೋ ಹುಡುಗ ಫೋನು ಹಿಡ್ಕಂಡು ನಿಂತಿದ್ದ. ಈಗ ಯಾರದೋ ಹೆಸರು ಹಾಕವ್ರೆ” ಅಂದರು.

ನಾವು ನೋಡಿದೆವು. ಯೂಟ್ಯೂಬಿನಲ್ಲಿ ಹಾಡು ಬರುತ್ತಿತ್ತು. ದನಿ ಅಜ್ಜಿಯದೇ. ಚಿತ್ರ ಬೇರೆ ಯಾರದೋ. ಹಾಡಿದವರು ಅಂತ ಬರೆದಿದ್ದ ಹೆಸರೂ ಬೇರೆ. ಸಾವಿರಾರು ಜನ ಕೇಳಿದ್ದರು.

ಪಕ್ಕದಲ್ಲಿ ಕೂತಿದ್ದ ಒಬ್ಬಾಕೆ, “ಹೋಗ್ಲಿ ಬಿಡಜ್ಜಿ, ಹಾಡೇನು ಸವೆದೋಯ್ತದಾ?” ಅಂದಳು. ಅಜ್ಜಿ ತಟ್ಟನೆ ಹೇಳಿದರು: “ಹಾಡು ಸವೆಯಲ್ಲ ಕಣವ್ವ. ಆದ್ರೆ ಕೇಳ್ದೆ ತಗಂಡೋದ್ರಲ್ಲ.”

ಆ ಒಂದು ಮಾತು ಹಿಡಿದುಕೊಂಡು ನಾವು ಕಾನೂನು ತಿಳಿಯಲು ಹೊರಟೆವು. ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಕೃತಿಸ್ವಾಮ್ಯ ಎಂದರೇನು?

ನಿಮ್ಮ ಹೊಲಕ್ಕೆ ಪಹಣಿ ಇದೆ. ಪಹಣಿಯಲ್ಲಿ ನಿಮ್ಮ ಹೆಸರಿದ್ದರೆ ಬೇರೆಯವರು ಬಂದು ರಾಗಿ ಬಿತ್ತುವಂತಿಲ್ಲ. ಬಿತ್ತಬೇಕಾದರೆ ನಿಮ್ಮನ್ನು ಕೇಳಬೇಕು. ನೀವು ಗುತ್ತಿಗೆಗೆ ಕೊಡಬಹುದು. ಕ್ರಯಕ್ಕೂ ಕೊಡಬಹುದು.

ಬರೆದ ಕಥೆ, ಕಟ್ಟಿದ ಪದ್ಯ, ತೆಗೆದ ಚಿತ್ರ, ಮಾಡಿದ ಸಿನಿಮಾ ಇವೂ ಒಂದು ಬಗೆಯ ಆಸ್ತಿ. ದುಡಿದು ಮಾಡಿದವರಿಗೆ ಅದರ ಮೇಲೆ ಹಕ್ಕು ಇರುತ್ತದೆ. ಅದನ್ನು ಪ್ರತಿ ಮಾಡಲು, ಮಾರಲು, ಆಡಿ ತೋರಿಸಲು ಅವರ ಒಪ್ಪಿಗೆ ಬೇಕು. ಈ ಹಕ್ಕಿಗೆ ಕೃತಿಸ್ವಾಮ್ಯ ಅನ್ನುತ್ತಾರೆ. ಹಕ್ಕುಸ್ವಾಮ್ಯ ಅಂತಲೂ ಬರೆಯುತ್ತಾರೆ. ಕಾಪಿರೈಟ್ ಅನ್ನುವುದು ಇದನ್ನೇ. ಯಾವುದಾದರೂ ಪುಸ್ತಕದ ಮೊದಲ ಪುಟಗಳನ್ನು ತೆರೆದು ನೋಡಿ. “ಹಕ್ಕುಗಳು: ಲೇಖಕರದು” ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಇನ್ನು ಮೇಲೆ ಅದನ್ನೂ ಓದಿ.

ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದು. 1958ರ ಜನವರಿಯಲ್ಲಿ ಜಾರಿಗೆ ಬಂತು. ಆಮೇಲೆ 1994, 1999, 2012ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಗಳಾದವು.

ಹೊಲಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಹೊಲಕ್ಕೆ ನೋಂದಣಿ ಬೇಕು. ಕೃತಿಗೆ ನೋಂದಣಿ ಕಡ್ಡಾಯ ಅಲ್ಲ. ನೀವೇ ಒಂದು ಪದ್ಯ ಕಟ್ಟಿ ಬರೆದಿಟ್ಟರೆ, ಬರೆದ ಗಳಿಗೆಯಿಂದಲೇ ಹಕ್ಕು ನಿಮ್ಮದು. ದಾಖಲೆ ಇರಲಿ ಅಂದರೆ ನೋಂದಣಿಯನ್ನೂ ಮಾಡಿಸಬಹುದು. ಕಥೆ, ಪದ್ಯಗಳಿಗೆ ಶುಲ್ಕ 500 ರೂಪಾಯಿ.

ಎಲ್ಲಾದಕ್ಕೂ ಹಕ್ಕು ಇರುವುದಿಲ್ಲ

ಮುದ್ದೆ ಕಟ್ಟುವ ಕ್ರಮ ಯಾರ ಸ್ವತ್ತು? ಯಾರ ಸ್ವತ್ತೂ ಅಲ್ಲ. ಒಬ್ಬರು ಅಡುಗೆ ಪುಸ್ತಕ ಬರೆದರೆ ಅವರ ಬರಹಕ್ಕೆ ಹಕ್ಕು ಉಂಟು. ಬರಹವನ್ನು ಹಾಗೇ ಅಚ್ಚು ಹಾಕುವಂತಿಲ್ಲ. ಆದರೆ ಪುಸ್ತಕ ಓದಿ ನೀವು ಮುದ್ದೆ ಕಟ್ಟಬಹುದು, ಸಾರು ಕಾಯಿಸಬಹುದು, ಮಾರಲೂ ಬಹುದು. ವಿಚಾರಕ್ಕೆ ಬೇಲಿ ಇಲ್ಲ. ಅದನ್ನು ಹೇಳಿದ ರೀತಿಗೆ ಮಾತ್ರ ಬೇಲಿ.

ಸೋಬಾನೆ ಪದ, ರಾಗಿ ಬೀಸುವ ಪದ, ಜೋಗುಳ ಇವನ್ನು ಕಟ್ಟಿದವರು ಯಾರೋ ಗೊತ್ತಿಲ್ಲ. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಮಗಳಿಗೆ ಬಾಯಿಂದ ಬಾಯಿಗೆ ಬಂದವು. ಇವು ಊರಿನ ಆಸ್ತಿ. “ಈ ಪದ ನಮ್ಮ ಕಂಪನಿಯದು, ನೀವು ಹಾಡಬೇಡಿ” ಅಂತ ಯಾರೂ ಹೇಳುವಂತಿಲ್ಲ.

ಹೇಮಾವತಿ ದಡದ ಗೊರೂರು ನಮ್ಮ ಜಿಲ್ಲೆಯದೇ. ಅಲ್ಲಿನ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಳ್ಳಿಯ ಹಾಡುಗಳನ್ನು ಕೂಡಿಸಿ ಪುಸ್ತಕ ಮಾಡಿದರು. ಅವರು ಬರೆದ ಮಾತುಗಳ ಹಕ್ಕು ಅವರದು. ಆದರೆ ಅದರಲ್ಲಿರುವ ಹಳ್ಳಿ ಪದವನ್ನು ನೀವು ಹಾಡಿದರೆ ಬೇಡ ಅನ್ನುವವರು ಯಾರೂ ಇಲ್ಲ.

ಹಾಗಾದರೆ ನಮ್ಮ ಅಜ್ಜಿಗೆ ಏನೂ ಹಕ್ಕು ಇಲ್ಲವಾ? ಉಂಟು.

ಹಾಡಿದವರ ಹಕ್ಕು

ಪದ ಊರಿನದು. ಹಾಡಿದ ದನಿ ಅಜ್ಜಿಯದು. ಕಾಯ್ದೆ ಈ ಎರಡನ್ನೂ ಬೇರೆ ಮಾಡಿ ನೋಡುತ್ತದೆ.

1994ರ ತಿದ್ದುಪಡಿಯಲ್ಲಿ ಹಾಡುವವರು, ಕುಣಿಯುವವರು, ನುಡಿಸುವವರಿಗೆ ಸ್ಪಷ್ಟವಾದ ಹಕ್ಕು ಬಂತು. ಇದು ಪ್ರದರ್ಶನಕಾರರ ಹಕ್ಕು. ಪ್ರದರ್ಶನಕಾರರು ಅಂದರೆ ಯಾರು? ಕಾಯ್ದೆಯಲ್ಲೇ ಪಟ್ಟಿ ಇದೆ. ನಟರು, ಗಾಯಕರು, ವಾದ್ಯಗಾರರು, ನೃತ್ಯ ಮಾಡುವವರು, ದೊಂಬರಾಟದವರು, ಜಾದೂಗಾರರು. ಹಾವಾಡಿಗರ ಹೆಸರೂ ಆ ಪಟ್ಟಿಯಲ್ಲಿ ಇದೆ. ದೊಡ್ಡ ಸಭೆಯಲ್ಲೇ ಹಾಡಬೇಕು ಅಂತಿಲ್ಲ. ಹಸೆಮಣೆ ಮುಂದೆ ಹಾಡಿದರೂ ಹಾಡೇ.

ಈ ಹಕ್ಕು 50 ವರ್ಷ ಇರುತ್ತದೆ. ಹಾಡಿದ ವರ್ಷದ ಮುಂದಿನ ಜನವರಿಯಿಂದ ಲೆಕ್ಕ.

ಮದುವೆಗೆ ಬಂದವರು ತಮ್ಮ ನೆನಪಿಗೆ ಅಂತ ಫೋನಿನಲ್ಲಿ ಹಿಡಿದುಕೊಂಡರೆ ತಪ್ಪಲ್ಲ. ಮನೆಯಲ್ಲಿ ಕೇಳಿಕೊಳ್ಳಲಿ. ಆದರೆ ಅದನ್ನು ಲೋಕಕ್ಕೆಲ್ಲ ಬಿಡಬೇಕಾದರೆ, ಅದರಿಂದ ದುಡ್ಡು ಮಾಡಬೇಕಾದರೆ, ಹಾಡಿದವರ ಒಪ್ಪಿಗೆ ಬೇಕು.

2012ರ ತಿದ್ದುಪಡಿಯಲ್ಲಿ ಇನ್ನೊಂದು ಬಲ ಬಂತು. “ಹಾಡಿದವಳು ನಾನು” ಅಂತ ಹೇಳಿಕೊಳ್ಳುವ ಹಕ್ಕು. ಹಾಡನ್ನು ತಿರುಚಿ ಹಾಡಿದವರ ಮರ್ಯಾದೆ ಕಳೆದರೆ ತಡೆಯುವ ಹಕ್ಕು. ಬೇರೆ ಹಕ್ಕನ್ನು ಮಾರಿದ ಮೇಲೂ ಈ ಎರಡು ನಿಮ್ಮ ಹತ್ತಿರವೇ ಉಳಿಯುತ್ತವೆ. ಹಸು ಮಾರಿದರೆ ಹಗ್ಗವೂ ಹೋಗುತ್ತದೆ. ಆದರೆ ಇಲ್ಲಿ ಹೆಸರು ಹೋಗುವುದಿಲ್ಲ.

ಇದನ್ನು ಓದಿ ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ “ಹಂಗಾರೆ ನಾನೂ ಲೆಕ್ಕಕ್ಕಿದ್ದೀನಿ ಅನ್ನಿ” ಅಂದರು.

ಎಷ್ಟು ವರ್ಷ?

ಕಥೆ, ಕಾದಂಬರಿಗಳ ಹಕ್ಕು ಬರೆದವರು ಬದುಕಿರುವವರೆಗೆ ಇರುತ್ತದೆ. ಅವರು ತೀರಿಕೊಂಡ ವರ್ಷ ಮುಗಿದ ಮೇಲೆ ಇನ್ನೂ 60 ವರ್ಷ ಇರುತ್ತದೆ. ಅಷ್ಟು ಕಾಲ ಅವರ ಮಕ್ಕಳು, ವಾರಸುದಾರರಿಗೆ ಸೇರುತ್ತದೆ. ಆಮೇಲೆ ಅದು ಎಲ್ಲರ ಸ್ವತ್ತು.

ಅರಕಲಗೂಡಿನ ಹೆಸರನ್ನು ತಮ್ಮ ಹೆಸರಲ್ಲೇ ಇಟ್ಟುಕೊಂಡಿದ್ದ ಅ.ನ. ಕೃಷ್ಣರಾಯರು 1971ರಲ್ಲಿ ತೀರಿಕೊಂಡರು. ಅವರ ಕಾದಂಬರಿಗಳ ಹಕ್ಕು 2031ರ ಕೊನೆಯವರೆಗೆ. ಗೊರೂರರು 1991ರಲ್ಲಿ ತೀರಿಕೊಂಡರು. ಅವರ ಬರಹದ ಹಕ್ಕು 2051ರ ಕೊನೆಯವರೆಗೆ.

ಹೆಂಗಸರ ಮನಸ್ಸಿನ ಕಥೆ ಬರೆದ ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು. ಆಗ ಅವರಿಗೆ 35 ವರ್ಷವೂ ತುಂಬಿರಲಿಲ್ಲ. 2023ಕ್ಕೆ 60 ವರ್ಷ ಮುಗಿಯಿತು. 2024ರ ಜನವರಿ 1ರಿಂದ ಅವರ ‘ಬೆಳ್ಳಿ ಮೋಡ’ ಕಾದಂಬರಿಯನ್ನು ಯಾರು ಬೇಕಾದರೂ ಅಚ್ಚು ಮಾಡಬಹುದು. ಆದರೆ ಅದೇ ಕಥೆಯ ‘ಬೆಳ್ಳಿಮೋಡ’ ಸಿನಿಮಾ 1967ರದು. ಸಿನಿಮಾಕ್ಕೆ ಬಿಡುಗಡೆಯಾದ ವರ್ಷದಿಂದ ಲೆಕ್ಕ. ಆದ್ದರಿಂದ ಸಿನಿಮಾದ ಹಕ್ಕು 2027ರ ಕೊನೆಯವರೆಗೆ. ಒಂದೇ ಕಥೆ, ಎರಡು ಲೆಕ್ಕ.

ಒಬ್ಬ ಹೆಣ್ಣುಮಗಳು ಗೆದ್ದ ಮೊಕದ್ದಮೆ

ಈ ಹಕ್ಕು ಕಾಗದದ ಮೇಲೆ ಮಾತ್ರವಾ? ಕೋರ್ಟಿನಲ್ಲಿ ನಿಲ್ಲುತ್ತದಾ? ನಮ್ಮ ರಾಜ್ಯದಲ್ಲೇ ನಡೆದ ಒಂದು ಮೊಕದ್ದಮೆ ಕೇಳಿ.

ಕೋಟ ಶಿವರಾಮ ಕಾರಂತರು ದೊಡ್ಡ ಸಾಹಿತಿ. ಯಕ್ಷಗಾನದಲ್ಲೂ ದುಡಿದವರು. ಹಳೆಯ ಯಕ್ಷಗಾನವನ್ನು ಹೊಸ ರೀತಿಯಲ್ಲಿ ರಂಗದ ಮೇಲೆ ತಂದರು. ‘ಅಭಿಮನ್ಯು ವಧೆ’, ‘ಪಂಚವಟಿ’ ಮೊದಲಾದ ಪ್ರಸಂಗಗಳನ್ನು ಹೊಸದಾಗಿ ಕಟ್ಟಿದರು.

ಕಾರಂತರು 1994ರ ಜೂನ್ 18ರಂದು ಒಂದು ಉಯಿಲು ಬರೆದರು. ತಮ್ಮ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಎಂಬುವರಿಗೆ ಬಿಟ್ಟರು. ಅವರು ಹಲವು ವರ್ಷ ಕಾರಂತರ ಬರವಣಿಗೆಯ ಕೆಲಸಕ್ಕೆ ನೆರವಾಗಿದ್ದವರು. ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡರು.

2001ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯ ಪ್ರದರ್ಶನ ಆಯಿತು. ಮಾಡಿಸಿದ್ದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್. ಅದು ದೊಡ್ಡ ಶಿಕ್ಷಣ ಸಂಸ್ಥೆ. ತಮ್ಮ ಒಪ್ಪಿಗೆ ಕೇಳಲಿಲ್ಲ ಅಂತ ಮಾಲಿನಿ ಮಲ್ಯ ಅವರು ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಅಲ್ಲಿಂದ ಹೈಕೋರ್ಟಿಗೆ ಹೋಯಿತು. ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು.

2009ರ ಜನವರಿ 23ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹಕ್ಕು ಉಯಿಲಿನ ಮೂಲಕ ಮಾಲಿನಿ ಮಲ್ಯ ಅವರದೇ ಅಂದಿತು. ಜೊತೆಗೆ ಇನ್ನೊಂದು ಮಾತೂ ಹೇಳಿತು. ಶಾಲೆಯ ಕಲಿಕೆಯ ಭಾಗವಾಗಿ ಆಡಿದರೆ, ಟಿಕೆಟ್ಟು ಇಲ್ಲದೆ ಪುಕ್ಕಟೆ ಆಡಿ ತೋರಿಸಿದರೆ, ಕಾಯ್ದೆಯಲ್ಲಿ ಕೆಲವು ವಿನಾಯಿತಿಗಳಿವೆ. ಆ ವಿನಾಯಿತಿ ಸಂಸ್ಥೆಗೂ ಸಿಗುತ್ತದೆ ಅಂದಿತು.

ಇದರಲ್ಲಿ ನಮಗೆ ಎರಡು ಪಾಠ ಇವೆ. ಒಂದು, ಉಯಿಲಿನ ಬರಹಕ್ಕೆ ಬೆಲೆ ಇದೆ. ಒಬ್ಬ ಹೆಂಗಸು ಒಂದು ಕಾಗದ ಹಿಡಿದು ದೊಡ್ಡ ಸಂಸ್ಥೆಯ ಎದುರು ನಿಲ್ಲಬಹುದು. ಎರಡು, ಹಕ್ಕು ಅಂದರೆ ಎಲ್ಲರಿಗೂ ಬಾಗಿಲು ಹಾಕುವುದಲ್ಲ. ಕಲಿಯುವವರಿಗೆ ಕಾಯ್ದೆಯೇ ಕಿಂಡಿ ಬಿಟ್ಟಿದೆ.

ಉಯಿಲು ಬರೆಯದೆ ತೀರಿಕೊಂಡರೆ ಹಕ್ಕು ವಾರಸುದಾರರಿಗೆ ಹೋಗುತ್ತದೆ. ಹೆಣ್ಣುಮಕ್ಕಳೂ ವಾರಸುದಾರರೇ. ಮರೆಯಬೇಡಿ.

ನಾವು ಬೇರೆಯವರದನ್ನು ಬಳಸುವಾಗ

ನಮ್ಮದನ್ನು ಕೇಳದೆ ತೆಗೆದುಕೊಂಡರೆ ನೋವು. ಹಾಗೇ ನಾವೂ ಬೇರೆಯವರದನ್ನು ಕೇಳದೆ ತೆಗೆದುಕೊಳ್ಳಬಾರದು. ಫೋನು ಕೈಗೆ ಬಂದ ಮೇಲೆ ಇದು ಬಹಳ ಸುಲಭವಾಗಿದೆ. ಹೆಬ್ಬೆರಳಲ್ಲಿ ಒಂದು ಸಲ ಒತ್ತಿದರೆ ನೂರು ಜನಕ್ಕೆ ಹೋಗುತ್ತದೆ. ಮೊದಲು ಹೆಬ್ಬೆಟ್ಟು ಒತ್ತಿ ಕೆಡುತ್ತಿದ್ದೆವು. ಈಗಲೂ ಹೆಬ್ಬೆರಳಿನಿಂದಲೇ ಕೆಡುವ ಕಾಲ.

ನಮ್ಮ ಕೇಂದ್ರದ ಹೆಂಗಸರು ಕೇಳಿದ ಪ್ರಶ್ನೆಗಳು ಇವು.

“ಮದುವೆ ಮನೇಲಿ ಸಿನಿಮಾ ಹಾಡು ಹಾಕಿದ್ರೆ ತಪ್ಪಾ?”
ತಪ್ಪಲ್ಲ. ಧಾರ್ಮಿಕ ಕಾರ್ಯಕ್ಕೆ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಮದುವೆ, ದಿಬ್ಬಣ, ಮದುವೆಗೆ ಸೇರಿದ ಸಂಭ್ರಮ ಎಲ್ಲ ಅದರಲ್ಲಿ ಸೇರುತ್ತವೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಇದನ್ನು ಮತ್ತೆ ಸಾರಿ ಹೇಳಿತು. ಮದುವೆಯಲ್ಲಿ ಹಾಡು ಹಾಕಿದ್ದಕ್ಕೆ ಯಾರಾದರೂ ಹಕ್ಕಿನ ಹಣ ಕೇಳಿದರೆ, ಗಾಬರಿಯಾಗಿ ಕೊಡಬೇಡಿ. ಕಲಮು ತೋರಿಸಿ.

“ಅದೇ ಮದುವೆ ವಿಡಿಯೋ ಯೂಟ್ಯೂಬಿಗೆ ಹಾಕಿದ್ರೆ?”
ಅದು ಬೇರೆ ಮಾತು. ಮನೆಯಲ್ಲಿ ಹಾಡು ಕೇಳುವುದು ಒಂದು. ಹಾಡನ್ನು ಲೋಕಕ್ಕೆ ಹಂಚುವುದು ಇನ್ನೊಂದು. ಯೂಟ್ಯೂಬಿನ ಕಂಪ್ಯೂಟರು ಹಾಡಿನ ಗುರುತು ಹಿಡಿಯುತ್ತದೆ. ಹಕ್ಕಿನವರು ಬೇಡ ಅಂದರೆ ವಿಡಿಯೋದ ದನಿ ನಿಲ್ಲಬಹುದು, ವಿಡಿಯೋವೇ ಹೋಗಬಹುದು.

“ಹೊಸ ಸಿನಿಮಾ ಫೋನಿಗೆ ಬಂದೈತೆ. ಇನ್ನೊಬ್ಬರಿಗೆ ಕಳಿಸಬಹುದಾ?”
ಕಳಿಸಬೇಡಿ. ಅದು ಕದ್ದ ಮಾಲು. ಟಾಕೀಸಿನಲ್ಲಿ ಕೂತು ಸಿನಿಮಾವನ್ನು ಫೋನಿಗೆ ಹಿಡಿಯುವುದು ಇನ್ನೂ ದೊಡ್ಡ ಅಪರಾಧ. 2023ರ ಕಾನೂನಿನ ಪ್ರಕಾರ ಕನಿಷ್ಠ 3 ತಿಂಗಳು ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ.

“ಪುಸ್ತಕದ ಎರಡು ಪುಟ ಬರಕೊಂಡು ಓದಿದ್ರೆ?”
ಓದಿ. ಸ್ವಂತ ಕಲಿಕೆಗೆ, ಪಾಠಕ್ಕೆ ಅಷ್ಟು ಬಿಡುವು ಇದೆ. ಪೂರ್ತಿ ಪುಸ್ತಕವನ್ನೇ ಪ್ರತಿ ಮಾಡಿ ಹಂಚಿದರೆ ತಪ್ಪು. ಬರೆದವರ ಅನ್ನಕ್ಕೆ ಕೈ ಹಾಕಿದಂತೆ.

ಗೊತ್ತಿದ್ದೂ ಗೊತ್ತಿದ್ದೂ ಕೃತಿಸ್ವಾಮ್ಯ ಮುರಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು. ದಂಡ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಅಂತಾದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆ ಕಡಿಮೆ ಮಾಡಬಹುದು. ಕರ್ನಾಟಕದಲ್ಲಿ 2014ರಲ್ಲಿ ಗೂಂಡಾ ಕಾಯ್ದೆಗೂ ತಿದ್ದುಪಡಿ ಬಂತು. ವ್ಯಾಪಾರಕ್ಕಾಗಿ ಕೃತಿಸ್ವಾಮ್ಯ ಮುರಿಯುವವರನ್ನು ‘ಡಿಜಿಟಲ್ ಅಪರಾಧಿ’ ಅಂತ ಅದರಲ್ಲಿ ಸೇರಿಸಿದರು.

ಈ ನಿಯಮ ಬಡವರಿಗೆ ಮಾತ್ರ ಅಂದುಕೊಳ್ಳಬೇಡಿ. 2022ರಲ್ಲಿ ಕಾಂಗ್ರೆಸ್ ಪಕ್ಷದ ಭಾರತ್ ಜೋಡೋ ಯಾತ್ರೆಯ ವಿಡಿಯೋದಲ್ಲಿ ‘ಕೆಜಿಎಫ್ 2’ ಸಿನಿಮಾದ ಸಂಗೀತ ಬಳಸಿದ್ದಾರೆ ಅಂತ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಕಂಪನಿ ಕೋರ್ಟಿಗೆ ಹೋಯಿತು. ನವೆಂಬರ್ 7ರಂದು ಬೆಂಗಳೂರಿನ ನ್ಯಾಯಾಲಯ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಹೇಳಿತು. ಮಾರನೆಯ ದಿನ ಹೈಕೋರ್ಟು ಆ ಆದೇಶ ರದ್ದು ಮಾಡಿತು. ಆದರೆ ಆ ಸಂಗೀತದ ತುಣುಕುಗಳನ್ನು ತೆಗೆಯಬೇಕು ಅಂತ ಷರತ್ತು ಹಾಕಿತು. ಸಣ್ಣ ತುಣುಕಿಗೂ ಒಡೆಯರು ಇರುತ್ತಾರೆ.

ನಮ್ಮ ಫೋಟೋ, ನಮ್ಮ ಮಾನ

ಇಲ್ಲಿ ನಾವು ಮಾಡಿದ ಒಂದು ತಪ್ಪನ್ನು ಹೇಳಬೇಕು.

ಕೇಂದ್ರ ಶುರುವಾದ ಹೊಸದರಲ್ಲಿ ನಾವು ಹೆಂಗಸರ ಫೋಟೋ ತೆಗೆದೆವು. ಸ್ಲೇಟು ಹಿಡಿದು ಕೂತಿದ್ದರು, ಚೆನ್ನಾಗಿ ಬಂದಿತ್ತು. ಖುಷಿಯಲ್ಲಿ ವಾಟ್ಸಾಪಿನ ಗುಂಪಿಗೆ ಹಾಕಿದೆವು. ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು. ಒಬ್ಬ ತಂಗಿ ಮನೆಯಲ್ಲಿ ಹೇಳದೆ ಬರುತ್ತಿದ್ದಳು. ಫೋಟೋ ಅವಳ ಗಂಡನ ಫೋನಿಗೂ ಬಂತು. ಮನೆಯಲ್ಲಿ ಜಗಳ ಆಯಿತು. ಎರಡು ತಿಂಗಳು ಅವಳು ಕೇಂದ್ರಕ್ಕೆ ಬರಲಿಲ್ಲ. ನಾವು ಒಂದು ಮಾತು ಕೇಳಿದ್ದರೆ ಅವಳ ಓದು ನಿಲ್ಲುತ್ತಿರಲಿಲ್ಲ. ಆವತ್ತಿನಿಂದ ಕೇಳದೆ ಯಾರ ಫೋಟೋವನ್ನೂ ನಾವು ಹಾಕುವುದಿಲ್ಲ.

ಫೋಟೋದಲ್ಲಿ ಎರಡು ಹಕ್ಕು ಇವೆ. ಬೇರೆ ಬೇರೆ ಮಾಡಿ ನೋಡೋಣ.

ಮೊದಲನೆಯದು ಚಿತ್ರದ ಕೃತಿಸ್ವಾಮ್ಯ. ಸಾಮಾನ್ಯವಾಗಿ ಇದು ಫೋಟೋ ತೆಗೆದವರದು. ಆದರೆ ನೀವು ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಕರಾರು ಇಲ್ಲದಿದ್ದರೆ, ಹಕ್ಕು ನಿಮ್ಮದು. ಮಗಳ ಮದುವೆಗೆ ಸ್ಟುಡಿಯೋದವರಿಗೆ ಹಣ ಕೊಟ್ಟು ಫೋಟೋ ತೆಗೆಸಿದಿರಿ. ಅವರು ಮದುವಣಗಿತ್ತಿಯ ಫೋಟೋ ದೊಡ್ಡದು ಮಾಡಿ ಅಂಗಡಿ ಮುಂದೆ ಹಾಕಬೇಕಾದರೆ ನಿಮ್ಮನ್ನು ಕೇಳಬೇಕು. ಮುಂಗಡ ಕೊಡುವಾಗಲೇ ರಸೀದಿಯ ಹಿಂದಿನ ಸಣ್ಣಕ್ಷರ ಓದಿ. ಕರಾರು ಅಡಗಿರುವುದು ಅಲ್ಲೇ.

ಎರಡನೆಯದು ಖಾಸಗಿತನದ ಹಕ್ಕು. ಪಕ್ಕದ ಮನೆ ಹುಡುಗ ಪುಕ್ಕಟೆ ಫೋಟೋ ತೆಗೆದರೆ ಚಿತ್ರ ಅವನದಾಗಬಹುದು. ಆದರೆ ಮುಖ ನಿಮ್ಮದು, ಮಾನ ನಿಮ್ಮದು. ಈ ಹಕ್ಕಿನ ಕಥೆಯೂ ನಮ್ಮ ರಾಜ್ಯದ್ದೇ. ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನ್ಯಾಯಾಧೀಶರಾಗಿ ನಿವೃತ್ತರಾದವರು. ಆಧಾರ್ ವಿಚಾರವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 80 ದಾಟಿತ್ತು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಾಧೀಶರು ಒಟ್ಟಾಗಿ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಈ ಹಕ್ಕು ಪಟ್ಟಣದವರಿಗೆ ಎಷ್ಟೋ ಹಳ್ಳಿಯ ಹೆಣ್ಣುಮಗಳಿಗೂ ಅಷ್ಟೇ.

ಒಪ್ಪಿಗೆ ಇಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ತೆಗೆಯುವುದು, ಹಂಚುವುದು ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಇದಕ್ಕೆ 3 ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಅಂಥ ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ, ಹಂಚಲು ಒಪ್ಪಿಲ್ಲದಿದ್ದರೆ, ಹಂಚುವುದು ಅಪರಾಧವೇ. “ಆವತ್ತು ನೀನೇ ಒಪ್ಪಿದ್ದೆಯಲ್ಲ” ಅಂತ ಹೆದರಿಸುವವರಿಗೆ ಇದೇ ಉತ್ತರ.

ಸಹಿ ಹಾಕುವ ಮುನ್ನ

ಈಗ ಅಜ್ಜಿಯ ಕಥೆಗೆ ಬರೋಣ.

ಅಜ್ಜಿಯ ಮೊಮ್ಮಗಳು ಆ ಹಾಡಿನ ಕೆಳಗೆ ಬರೆದಳು: “ಇದು ನಮ್ಮಜ್ಜಿ ಹಾಡಿದ್ದು. ನಮ್ಮನ್ನು ಕೇಳಿಲ್ಲ.” ಫೋನ್ ನಂಬರನ್ನೂ ಹುಡುಕಿ ಮಾತಾಡಿದಳು. ಹತ್ತು ದಿನ ಕಳೆದ ಮೇಲೆ ಒಬ್ಬರು ಬೈಕಿನಲ್ಲಿ ಬಂದರು. ಮಾತು ನಯವಾಗಿತ್ತು. ಕೈಯಲ್ಲಿ ಒಂದು ಛಾಪಾ ಕಾಗದ, 2000 ರೂಪಾಯಿ.

“ಅಜ್ಜಿ, ಹೆಸರು ಹಾಕ್ತೀವಿ, ದುಡ್ಡೂ ಕೊಡ್ತೀವಿ. ಇಲ್ಲೊಂದು ಸಹಿ ಹಾಕಿ. ಆಗದಿದ್ರೆ ಹೆಬ್ಬೆಟ್ಟಾದ್ರೂ ಸಾಕು” ಅಂದರು.

ಅಜ್ಜಿ ಕನ್ನಡಕ ಹಾಕಿಕೊಂಡರು. “ಓದಾಕೆ ವಸಿ ಹೊತ್ತಾಯ್ತದೆ. ಕೂತ್ಕಳಪ್ಪ” ಅಂದರು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದರು. ಬಂದವರು ಗಡಿಯಾರ ನೋಡಿದರು. ಅಜ್ಜಿ ಒಂದು ಪದದ ಹತ್ತಿರ ನಿಂತರು.

“ಶಾ-ಶ್ವ-ತ-ವಾ-ಗಿ. ಅಂಗಂದ್ರೆ ಏನು ಟೀಚರೇ?”

“ಎಂದೆಂದಿಗೂ ಅಂತ ಅಜ್ಜಿ.”

ಮುಂದೆ ಓದಿದರು. ಅಜ್ಜಿ ಹಾಡಿದ, ಇನ್ನು ಮುಂದೆ ಹಾಡುವ ಎಲ್ಲಾ ಹಾಡುಗಳ ಎಲ್ಲಾ ಹಕ್ಕುಗಳನ್ನು ಶಾಶ್ವತವಾಗಿ ಬರೆದುಕೊಟ್ಟಿದ್ದೇನೆ ಅಂತ ಇತ್ತು. ಅಜ್ಜಿ ಕಾಗದ ಮಡಿಸಿ ವಾಪಸ್ಸು ಕೊಟ್ಟರು. “ನಾಳೆ ಹಾಡೋ ಹಾಡ್ನೂ ಇವತ್ತೇ ಮಾರ್ಕಳಾದಾ? ಬ್ಯಾಡ ಕಣಪ್ಪ.”

ಮೊದಲಿನ ಅಜ್ಜಿ ಆಗಿದ್ದರೆ ಹೆಬ್ಬೆಟ್ಟು ಬೀಳುತ್ತಿತ್ತು. ಅದು ಗಟ್ಟಿ.

ಅಂಥ ಕಾಗದ ನಿಮ್ಮ ಮುಂದೆ ಬಂದರೆ ಏನು ನೋಡಬೇಕು? ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಹಕ್ಕನ್ನು ಕೊಡುವುದು ಬಾಯಿ ಮಾತಲ್ಲಿ ಆಗುವುದಿಲ್ಲ. ಬರಹ ಇರಬೇಕು, ಸಹಿ ಇರಬೇಕು. ಆ ಬರಹದಲ್ಲಿ ನಾಲ್ಕು ವಿಚಾರ ಇರಬೇಕು.

1. ಯಾವ ಹಾಡು, ಯಾವ ಕೃತಿ? ಅದರ ಯಾವ ಹಕ್ಕು?
2. ಎಷ್ಟು ವರ್ಷಕ್ಕೆ?
3. ಯಾವ ಪ್ರದೇಶಕ್ಕೆ?
4. ಹಣ ಎಷ್ಟು?

ವರ್ಷ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಹಕ್ಕು ತೆಗೆದುಕೊಂಡವರು ಒಂದು ವರ್ಷ ಅದನ್ನು ಬಳಸದೇ ಇದ್ದರೆ, ಕಾಗದದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಆ ಹಕ್ಕು ನಿಮಗೆ ವಾಪಸ್ಸು. ಹಾಡುವವರ ಹಕ್ಕಿಗೂ ಈ ಕಲಮು ಅನ್ವಯಿಸುತ್ತದೆ.

‘ಶಾಶ್ವತವಾಗಿ’, ‘ಎಲ್ಲಾ ಹಕ್ಕುಗಳನ್ನು’, ‘ಮುಂದೆ ಮಾಡುವ’ ಈ ಮೂರು ಮಾತು ಕಂಡರೆ ಪೆನ್ನು ಕೆಳಗಿಡಿ. ತಿಳಿದವರಿಗೆ ತೋರಿಸಿ. ಅವಸರ ಮಾಡುವವರ ಮುಂದೆ ಇನ್ನೂ ನಿಧಾನವಾಗಿ ಓದಿ. ಪೂರ್ತಿ ಮಾರುವುದಕ್ಕಿಂತ ಸ್ವಲ್ಪ ಕಾಲಕ್ಕೆ ಅನುಮತಿ ಕೊಡುವುದು ಮೇಲು. ಹೊಲವನ್ನು ಕ್ರಯಕ್ಕೆ ಕೊಡುವುದಕ್ಕೂ ಗುತ್ತಿಗೆಗೆ ಕೊಡುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇದೆ.

ಎಲ್ಲಿಗೆ ಹೋಗಬೇಕು?

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಉಂಟು. ವರಮಾನ ಎಷ್ಟಿದ್ದರೂ ಉಂಟು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ತಮ್ಮ ತಾಲ್ಲೂಕು ನ್ಯಾಯಾಲಯಕ್ಕೆ ಹೋಗಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ. ಹಾಸನದಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಫೋನಿನಲ್ಲಿ ಕೇಳಬೇಕಾದರೆ 15100.

ಫೋನಿನ ಮೂಲಕ ಮೋಸವಾಗಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಯಾರಾದರೂ ಚಿತ್ರ ಹಾಕಿ ಹೆದರಿಸಿದರೆ ಪೊಲೀಸು ಠಾಣೆಗೆ ದೂರು ಕೊಡಿ. ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲೂ ದೂರು ಕೊಡಬಹುದು. ತುರ್ತು ಇದ್ದರೆ 112. ನಿಮ್ಮ ಹಾಡು, ಚಿತ್ರ ಕೇಳದೆ ಹಾಕಿದ್ದರೆ ಯೂಟ್ಯೂಬು, ಫೇಸ್‌ಬುಕ್ಕುಗಳಲ್ಲೇ ದೂರು ಬರೆಯುವ ಜಾಗ ಇರುತ್ತದೆ. ದೂರು ಕೊಡುವ ಮುಂಚೆ ಆ ಪುಟದ ಚಿತ್ರ ಹಿಡಿದಿಟ್ಟುಕೊಳ್ಳಿ. ತಾರೀಖು ಬರೆದಿಡಿ. ಅದೇ ಸಾಕ್ಷಿ.

ಮತ್ತೆ ಅಜ್ಜಿ

ಬೈಕಿನವರು ಎರಡು ವಾರ ಬರಲಿಲ್ಲ. “ಹೋದ್ರೆ ಹೋಗ್ಲಿ” ಅಂತ ಅಜ್ಜಿ ಸುಮ್ಮನಿದ್ದರು. ಮೂರನೇ ವಾರ ಹೊಸ ಕಾಗದ ಹಿಡಿದು ಬಂದರು. ಒಂದು ಹಾಡು. ಮೂರು ವರ್ಷ. ಹಾಡಿದವರ ಹೆಸರು ಅಜ್ಜಿಯದು. ಹಣ ಅಷ್ಟೇ, 2000. ಅಜ್ಜಿ ಮತ್ತೆ ಕನ್ನಡಕ ಹಾಕಿಕೊಂಡರು. ಮೊದಲಿಂದ ಕೊನೆವರೆಗೆ ಓದಿದರು. ಒಂದು ಪ್ರತಿ ತಮಗೆ ಬೇಕು ಅಂದರು. ಆಮೇಲೆ ಸಹಿ ಹಾಕಿದರು. ಕೊನೆಯ ಅಕ್ಷರ ಸ್ವಲ್ಪ ಗೆರೆ ದಾಟಿತ್ತು.

ಆ ಪ್ರತಿ ಈಗ ಅಜ್ಜಿಯ ಟ್ರಂಕಿನಲ್ಲಿದೆ. ಹೊಲದ ಪಹಣಿ ಜೊತೆಗೆ ಇಟ್ಟಿದ್ದಾರೆ.

ನೆನಪಿಡೋಣ

ಕೇಳಿ ತೆಗೆದುಕೊಳ್ಳೋಣ. ಕೇಳದೆ ತೆಗೆದುಕೊಂಡರೆ ಕೇಳೋಣ.
ಒಬ್ಬರ ಫೋಟೋ ಹಾಕುವ ಮುನ್ನ ಅವರ ಒಪ್ಪಿಗೆ ಪಡೆಯೋಣ.
ಓದದೆ ಸಹಿ ಹಾಕದಿರೋಣ.
ಸಹಿ ಹಾಕಿದ ಕಾಗದದ ಒಂದು ಪ್ರತಿ ನಮ್ಮ ಹತ್ತಿರ ಇಟ್ಟುಕೊಳ್ಳೋಣ.

ಮಾತಾಡೋಣ

1. ನಿಮ್ಮ ಊರಲ್ಲಿ ಸೋಬಾನೆ, ಕೋಲಾಟದ ಪದ ಹಾಡುವವರು ಯಾರು? ಅವರ ಹೆಸರು ಬರೆಯಿರಿ.
2. ನಿಮ್ಮ ಫೋಟೋವನ್ನು ಯಾರಾದರೂ ಕೇಳದೆ ಹಂಚಿದ್ದಾರಾ? ಆಗ ನಿಮಗೆ ಏನನ್ನಿಸಿತು?
3. ನೀವು ಇದುವರೆಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿದ ಒಂದು ಕಾಗದವನ್ನು ತನ್ನಿ. ಎಲ್ಲರೂ ಸೇರಿ ಓದೋಣ.